ಲೈಬ್ನಿಜ್, ಎರಡು ಎಲೆ ಮತ್ತು ಜಾವಾದ ಇಂಟಿಜರ್

ಡಿವೈ ಬೈ ಡಿಎಕ್ಸ್ ಅಂತ ಮ್ಯಾಥ್ಸ್ ಪೇಪರ್ ತುಂಬಾ ಬರೀತೀವಲ್ಲ, ಆ ಬರವಣಿಗೆ ಕೊಟ್ಟವರು ಲೈಬ್ನಿಜ್. ಹುಟ್ಟಿದ್ದು 1646ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಆರನೇ ವಯಸ್ಸಿಗೇ ಅಪ್ಪ ತೀರಿಹೋದರು. ಅಪ್ಪ ಪ್ರೊಫೆಸರ್ ಆಗಿದ್ದರಿಂದ ಮನೆ ತುಂಬಾ ಪುಸ್ತಕ ಇತ್ತು, ಅದನ್ನ ಓದ್ತಾ ಓದ್ತಾ ಹುಡುಗ ಲ್ಯಾಟಿನ್ನನ್ನ ಹೆಚ್ಚುಕಡಿಮೆ ತಾನೇ ಕಲಿತ. 20ನೇ ವಯಸ್ಸಿಗೆ ಕಾನೂನಿನಲ್ಲಿ ಡಾಕ್ಟರೇಟ್ ಕೇಳಿದ್ರೆ ಊರಿನ ಯೂನಿವರ್ಸಿಟಿ ಕೊಡಲಿಲ್ಲ. ಆಲ್ಟ್‌ಡಾರ್ಫ್‌ಗೆ ಹೋಗಿ ತಗೊಂಡರು.

1673ರಲ್ಲಿ ಲಂಡನ್ನಿಗೆ ಒಯ್ದು ತೋರಿಸಿದ್ದು ಗುಣಾಕಾರ ಮಾಡೋ ಯಂತ್ರ. 1676ರಿಂದ ಕೊನೇವರೆಗೂ ಹ್ಯಾನೋವರ್ ಅರಮನೆಯಲ್ಲಿ ಕೆಲಸ: ಲೈಬ್ರರಿ ನೋಡ್ಕೊಳ್ಳೋದು, ರಾಜಮನೆತನದ ಚರಿತ್ರೆ ಬರೆಯೋದು. ಆ ಚರಿತ್ರೆ ಮುಗಿಯಲೇ ಇಲ್ಲ. ಮಧ್ಯದಲ್ಲಿ 1703ರಲ್ಲಿ ಬೈನರಿ ಸಂಖ್ಯೆಗಳ ಬಗ್ಗೆ ಲೇಖನ ಬೇರೆ!

ಅವರನ್ನ ಬಿಡದೆ ಕಾಡಿದ ಪ್ರಶ್ನೆಗಳಲ್ಲಿ ಒಂದು, ಎರಡು ವಸ್ತು ಒಂದೇ ಅನ್ನೋದಕ್ಕೆ ಅರ್ಥ ಏನು ಅಂತ. ಎಲ್ಲಾ ಗುಣಗಳೂ ಒಂದೇ ಆಗಿದ್ರೆ ಅವು ಎರಡಲ್ಲ, ಒಂದೇ ವಸ್ತು ಅನ್ನೋದು ಅವರ ವಾದ. ಎರಡಾಗಬೇಕಾದ್ರೆ ಒಳಗೇ ಎಲ್ಲೋ ವ್ಯತ್ಯಾಸ ಇರಬೇಕು, ಇದು ಇಲ್ಲಿದೆ ಅದು ಅಲ್ಲಿದೆ ಅನ್ನೋದು ಸಾಲದು. ಹೆರೆನ್‌ಹೌಸನ್ ತೋಟದಲ್ಲಿ, ರಾಣಿವಾಸದ ಸೋಫಿಯಾ ಎದುರಿಗೆ, ಒಬ್ಬ ಮಹಾಶಯ ಇದನ್ನ ಒಪ್ಪದೆ ಥೇಟ್ ಒಂದೇ ಥರದ ಎರಡು ಎಲೆ ಹುಡುಕೋಕೆ ಹೊರಟ. ತುಂಬಾ ಹೊತ್ತು ಅಲೆದ, ಸಿಗಲಿಲ್ಲ.

ಅವನು ಹುಡುಕಿದ್ದು ಸಿಗೋದು ಜಾವಾದಲ್ಲಿ. ಇಂಟ್ ಅಲ್ಲ, ಇಂಟಿಜರ್ ಟೈಪಿನ ಎರಡು ವೇರಿಯಬಲ್‌ಗೆ 1000 ಹಾಕಿ == ಇಂದ ಹೋಲಿಸಿ, ಸಾಮಾನ್ಯವಾಗಿ ಫಾಲ್ಸ್ ಬರುತ್ತೆ. == ಒಳಗಿನ ಬೆಲೆ ನೋಡಲ್ಲ, ಎರಡೂ ಹೆಸರು ಒಂದೇ ಆಬ್ಜೆಕ್ಟನ್ನ ತೋರಿಸ್ತಿವೆಯಾ ಅಂತ ನೋಡುತ್ತೆ. ಹೀಪ್‌ನಲ್ಲಿ ಎರಡು ಆಬ್ಜೆಕ್ಟ್, ಎರಡರ ಹೊಟ್ಟೆಯಲ್ಲೂ ಅದೇ 1000, ಬೇರೆ ಇರೋದು ಜಾಗ ಮಾತ್ರ. 1000ದ ಬದಲು 100 ಹಾಕಿದ್ರೆ ಟ್ರೂ! ಮೈನಸ್ 128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನ ಜಾವಾ ಮೊದಲೇ ಮಾಡಿಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತೆ. ಅಷ್ಟರೊಳಗೆ ಮಾತ್ರ ಲೈಬ್ನಿಜ್ ಮಾತು ನಡೆಯೋದು. ಸಣ್ಣ ಸಂಖ್ಯೆ ಹಾಕಿ ಟೆಸ್ಟ್ ಮಾಡಿದ ಕೋಡ್ ಆಮೇಲೆ ಕೈಕೊಡೋದೂ ಇದಕ್ಕೇ. ಬೆಲೆ ಹೋಲಿಸಬೇಕಾದ್ರೆ ಈಕ್ವಲ್ಸ್ ಮೆಥಡ್ಡೇ ಬೇಕು.

ಈ ಗೊಂದಲ ಲೈಬ್ನಿಜ್ ಬದುಕಿನಲ್ಲೂ ಬಂತು. ಕ್ಯಾಲ್ಕುಲಸ್ ಮೊದಲು ಹೊಳೆದಿದ್ದು ನ್ಯೂಟನ್‌ಗೆ. ಲೈಬ್ನಿಜ್ ತಮ್ಮದೇ ದಾರಿಯಲ್ಲಿ ಅಲ್ಲಿಗೆ ಮುಟ್ಟಿ, 1684ರಲ್ಲಿ ಮೊದಲು ಅಚ್ಚು ಹಾಕಿಸಿದರು. ನನ್ನ ಪ್ರಕಾರ ಈಕ್ವಲ್ಸ್ ಹೌದು, == ಅಲ್ಲ. ಆದರೆ ಲಂಡನ್ನಿನ ರಾಯಲ್ ಸೊಸೈಟಿ ಸಮಿತಿ 1712ರಲ್ಲಿ ನ್ಯೂಟನ್ ಪರ ಹೇಳಿಬಿಡ್ತು. ಸೊಸೈಟಿಗೆ ಅಧ್ಯಕ್ಷರು ಯಾರು? ನ್ಯೂಟನ್ನೇ. ವರದಿ ಬರೆಯೋದರಲ್ಲೂ ಅವರ ಕೈ ಇತ್ತು.

1714ರಲ್ಲಿ ಹ್ಯಾನೋವರಿನ ದೊರೆಯೇ ಇಂಗ್ಲೆಂಡಿಗೆ ರಾಜ ಆದರು. ಅರಮನೆಯವರೆಲ್ಲ ಲಂಡನ್ನಿಗೆ ಹೊರಟರು, ಲೈಬ್ನಿಜ್‌ಗೆ ಮಾತ್ರ ಚರಿತ್ರೆ ಮುಗಿಸು ಅಂತ ಅಪ್ಪಣೆ. ಎರಡು ವರ್ಷಕ್ಕೆ, 1716ರ ನವೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡರು. ಸಮಾಧಿ ಮೇಲೆ ಸುಮಾರು 50 ವರ್ಷ ಹೆಸರೇ ಇರಲಿಲ್ಲ.