ಗುರುದತ್ ಬದುಕು: ಮದ್ಯ, ನಿದ್ರೆ ಮಾತ್ರೆ ಮತ್ತು ತುರ್ತು ಚಿಕಿತ್ಸೆಯ ಪಾಠ

1964ರ ಅಕ್ಟೋಬರ್ 10ರಂದು ಮುಂಬೈನ ಪೆಡ್ಡರ್ ರಸ್ತೆಯ ಮನೆಯಲ್ಲಿ ಚಿತ್ರನಿರ್ದೇಶಕ ಗುರುದತ್ ತೀರಿಕೊಂಡಿದ್ದರು. ವಯಸ್ಸು 39. ಮದ್ಯ ಮತ್ತು ನಿದ್ರೆ ಮಾತ್ರೆ ಎರಡೂ ಸೇರಿ ಜೀವ ತೆಗೆದಿದ್ದವು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಬೆಂಗಳೂರಿನಿಂದ ಮುಂಬೈಗೆ

ವಸಂತಕುಮಾರ್ ಶಿವಶಂಕರ ಪಡುಕೋಣೆ ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಬಾಲ್ಯ ಕೋಲ್ಕತ್ತದಲ್ಲಿ ಕಳೆಯಿತು. ಅಲ್ಮೋರದಲ್ಲಿ ಉದಯಶಂಕರ್ ಅವರ ಬಳಿ ನೃತ್ಯ ಕಲಿತು, ಪುಣೆಯ ಪ್ರಭಾತ್ ಸಂಸ್ಥೆಯ ಮೂಲಕ ಸಿನಿಮಾಕ್ಕೆ ಬಂದರು. 1951ರಲ್ಲಿ 'ಬಾಜಿ' ನಿರ್ದೇಶಿಸಿದರು. 1953ರಲ್ಲಿ ಗಾಯಕಿ ಗೀತಾ ರಾಯ್ ಅವರನ್ನು ಮದುವೆಯಾದರು. 1957ರ 'ಪ್ಯಾಸಾ' ದೊಡ್ಡ ಹೆಸರು ತಂದಿತು. 1959ರ 'ಕಾಗಜ್ ಕೆ ಫೂಲ್' ಸೋತಿತು. ಆಮೇಲೆ ಯಾವ ಚಿತ್ರಕ್ಕೂ ಅವರು ನಿರ್ದೇಶಕರಾಗಿ ಹೆಸರು ಹಾಕಿಕೊಳ್ಳಲಿಲ್ಲ.

ದಾಂಪತ್ಯ ಮುರಿದಿತ್ತು, ನಿದ್ರೆ ಬರುತ್ತಿರಲಿಲ್ಲ, ಕುಡಿತ ಹೆಚ್ಚಿತ್ತು. ಅದಕ್ಕೂ ಮೊದಲು ಎರಡು ಬಾರಿ ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆಗ ಆತ್ಮಹತ್ಯೆ ಯತ್ನ ಅಪರಾಧವಾಗಿತ್ತು. ಇಂಥ ವಿಷಯವನ್ನು ಮನೆಯವರು ಮುಚ್ಚಿಡುವುದು ಸಾಮಾನ್ಯವಾಗಿತ್ತು.

ಮದ್ಯ ಏನು ಮಾಡುತ್ತದೆ?

ಮದ್ಯ ದುಃಖವನ್ನು ಮರೆಸುವಂತೆ ಕಂಡರೂ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಮುಂದಿನದನ್ನು ಯೋಚಿಸುವ ಶಕ್ತಿ ತಗ್ಗಿ, ಕ್ಷಣದ ಆವೇಗ ಮೇಲುಗೈ ಪಡೆಯುತ್ತದೆ. ನಿದ್ರೆ ಮಾತ್ರೆಯೊಂದಿಗೆ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಎಷ್ಟು ಮಾತ್ರೆ ನುಂಗಿದೆ ಎಂಬ ನೆನಪೂ ಉಳಿಯದಿರಬಹುದು. ಹಾಗಾಗಿಯೇ ಇಂಥ ಸಾವುಗಳಲ್ಲಿ ಉದ್ದೇಶ ಯಾವುದು, ಅವಘಡ ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ತುರ್ತು ವಿಭಾಗದಲ್ಲಿ ಏನಾಗಬೇಕು?

ಮೊದಲು ಉಸಿರು, ನಾಡಿ, ರಕ್ತದ ಸಕ್ಕರೆ ನೋಡುತ್ತಾರೆ. ಆದರೆ ಅಮಲು ಇಳಿದು ರೋಗಿ ಎದ್ದು ಕುಳಿತ ಕೂಡಲೇ ಅಪಾಯ ಮುಗಿಯುವುದಿಲ್ಲ. ಹಿಂದೆ ಒಮ್ಮೆ ಯತ್ನಿಸಿದವರಲ್ಲಿ ಮತ್ತೆ ಯತ್ನಿಸುವ ಅಪಾಯ ಹೆಚ್ಚು. ಅಮಲು ಇಳಿಯುವವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು. ಇಳಿದ ಮೇಲೆ ಮನಸ್ಸಿನ ಸ್ಥಿತಿಯನ್ನು ನೇರವಾಗಿ ವಿಚಾರಿಸಬೇಕು. ಸಾಯುವ ಯೋಚನೆ ಇದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮನೆಯವರು ಮಾಡಬಹುದಾದದ್ದು:

- ಕುಡಿದಾಗ ಆಡಿದ ಮಾತು ಎಂದು ಸಾಯುವ ಮಾತನ್ನು ತಳ್ಳಿಹಾಕಬೇಡಿ.
- ಹಿಂದಿನ ಯತ್ನ, ಕುಡಿತ, ನುಂಗಿದ ಮಾತ್ರೆಗಳ ಬಗ್ಗೆ ವೈದ್ಯರಿಗೆ ನಿಜ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಸಿಗಬೇಕು, ಶಿಕ್ಷೆಯಲ್ಲ.
- ಡಿಸ್ಚಾರ್ಜ್‌ಗೆ ಮುಂಚೆ ಮನೋವೈದ್ಯರನ್ನು ಕಾಣಿಸಲು ಕೇಳಿ. ಮುಂದಿನ ಭೇಟಿಯ ದಿನಾಂಕ ಪಡೆಯಿರಿ.
- ಮನೆಯಲ್ಲಿರುವ ಮಾತ್ರೆ, ಮದ್ಯವನ್ನು ಕೈಗೆ ಸಿಗದಂತೆ ಇಡಿ.
- ದಿನವೂ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಿ.

ಗುರುದತ್ ತೀರಿಕೊಂಡ ಅಕ್ಟೋಬರ್ 10 ಈಗ ವಿಶ್ವ ಮಾನಸಿಕ ಆರೋಗ್ಯ ದಿನ. 2022ರಲ್ಲಿ ಅದೇ ದಿನ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. ನೀವಿರುವ ಊರು ಯಾವುದೇ ಇರಲಿ, 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಸೇವೆ ಇದೆ. ಜೀವಕ್ಕೆ ಅಪಾಯವಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ.