ಮೊದಲ ಕಂಪ್ಯೂಟರ್ ಮಾಡಿದ್ದು ಜಕಾರ್ಡ್ ಅವರೇ? ಮಗ್ಗದ ತೂತು ಕಾರ್ಡಿನ ನಿಜ ಕತೆ

ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ಓಣಿಗಳಲ್ಲಿ ನಡೆದರೆ ಸೀರೆ ನೇಯುವ ಮಗ್ಗಗಳ ಸದ್ದು ಕೇಳಿಸುತ್ತದೆ. ಮಗ್ಗದ ಮೇಲೆ ಕೂತು ಚಿತ್ತಾರ ಮೂಡಿಸುವ ಸಾಧನದ ಹೆಸರು ಜಕಾರ್ಡ್. ಅದು ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ ಅವರ ಹೆಸರು. ಮೊದಲ ಕಂಪ್ಯೂಟರ್ ಮಾಡಿದ್ದು ಇವರೇ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ನಿಜವಲ್ಲ. ಆದರೆ ನಂಟು ಮಾತ್ರ ಇದೆ.

ಯಾರು ಈ ಜಕಾರ್ಡ್?

1752ರಲ್ಲಿ ಲಿಯೋನ್ ನಗರದ ನೇಕಾರರ ಮನೆಯಲ್ಲಿ ಹುಟ್ಟಿದರು. ಆಗ ಚಿತ್ತಾರದ ರೇಷ್ಮೆ ನೇಯಬೇಕಾದರೆ ನೇಕಾರನ ಜೊತೆ ಇನ್ನೊಬ್ಬ ಬೇಕಿತ್ತು. ಹೆಚ್ಚಾಗಿ ಒಬ್ಬ ಹುಡುಗ ಹಗ್ಗ ಎಳೆದು ಹಾಸಿನ ಎಳೆಗಳನ್ನು ಎತ್ತುತ್ತಿದ್ದ. 1804ರ ಹೊತ್ತಿಗೆ ಜಕಾರ್ಡ್ ಆ ಕೆಲಸವನ್ನು ತೂತು ಕೊರೆದ ರಟ್ಟಿಗೆ ಒಪ್ಪಿಸಿದರು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.

ತೂತಿನ ಉಪಾಯವೂ ಪೂರ್ತಿ ಅವರದಲ್ಲ. ಬುಶೋನ್ 1725ರಲ್ಲೇ ತೂತಿನ ಕಾಗದ ಬಳಸಿದ್ದರು. ಫಾಲ್ಕನ್ ಕಾರ್ಡು ತಂದರು, ವೋಕಾನ್ಸನ್ ಮಗ್ಗವನ್ನೇ ಸ್ವಯಂಚಾಲಿತ ಮಾಡಲು ನೋಡಿದರು. ಜಕಾರ್ಡ್ ಇವನ್ನೆಲ್ಲ ಕೂಡಿಸಿ ದಿನನಿತ್ಯದ ಕೆಲಸಕ್ಕೆ ಒಗ್ಗಿಸಿದರು. ಹೊಟ್ಟೆಪಾಡು ಹೋದೀತೆಂದು ಲಿಯೋನಿನ ನೇಕಾರರು ವಿರೋಧಿಸಿದರು. ಸರ್ಕಾರ ಅವರಿಗೆ ಪಿಂಚಣಿ ಕೊಟ್ಟಿತು. 1834ರಲ್ಲಿ ಜಕಾರ್ಡ್ ತೀರಿಕೊಂಡರು. ಆಗಿನ್ನೂ ಕಂಪ್ಯೂಟರ್ ಹುಟ್ಟಿರಲಿಲ್ಲ.

ಕಾರ್ಡು ಕಂಪ್ಯೂಟರಿಗೆ ಬಂದದ್ದು ಹೇಗೆ?

ಹೊಲೆರಿತ್ ಅವರ ಯಂತ್ರಗಳು 1890ರ ಅಮೆರಿಕದ ಜನಗಣತಿಯನ್ನು ತೂತು ಕಾರ್ಡಿನಿಂದಲೇ ಎಣಿಸಿದವು. 1928ರಲ್ಲಿ ಐಬಿಎಂ 80 ಕಾಲಂನ ಕಾರ್ಡು ತಂದಿತು. 1957ರ ಫೋರ್ಟ್ರಾನ್ ಭಾಷೆ ಆ ಕಾರ್ಡಿನ ಅಳತೆಗೇ ಕೂತಿತು: ಸೂಚನೆಗಳನ್ನು 7ರಿಂದ 72ನೇ ಕಾಲಂ ಒಳಗೇ ಬರೆಯಬೇಕು.

ಕಾರ್ಡು ಹೋಗಿ ಪರದೆ ಬಂತು, ನಿಯಮ ಉಳಿಯಿತು. ಫೋರ್ಟ್ರಾನ್ 90 ಎಲ್ಲಿಂದಾದರೂ ಬರೆಯುವ ದಾರಿ ಕೊಟ್ಟಿತು. ಫೋರ್ಟ್ರಾನ್ 95 ಹಳೆಯ ಪದ್ಧತಿಯನ್ನು ಕಾಲ ಮುಗಿದದ್ದೆಂದು ಗುರುತಿಸಿತು. ಆದರೂ ಅದನ್ನು ಕಿತ್ತುಹಾಕಿಲ್ಲ.

ಕಿತ್ತುಹಾಕಿದರೆ ಏನಾಗುತ್ತದೆ?

ಭಾಷೆ ಸರಳವಾಗುತ್ತದೆ, ಕಲಿಯುವವರಿಗೆ ಹೊರೆ ಇಳಿಯುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಬರೆದ, ಇಂದಿಗೂ ಓಡುತ್ತಿರುವ ಲೆಕ್ಕಾಚಾರಗಳು ನಿಂತುಹೋಗಬಹುದು. ಅದಕ್ಕೇ ಫೋರ್ಟ್ರಾನ್ ಮೊದಲು ಎಚ್ಚರಿಸಿ, ವರ್ಷಗಳ ನಂತರ ತೆಗೆಯುತ್ತದೆ. ಮೂರು ದಿಕ್ಕಿಗೆ ಜಿಗಿಯುವ ಹಳೆಯ ಇಫ್ ಸೂಚನೆಯನ್ನು ಹೀಗೆ ಕೊನೆಗೆ 2018ರ ಆವೃತ್ತಿಯಲ್ಲಿ ತೆಗೆಯಲಾಯಿತು. ಹಗ್ಗ ಎಳೆಯುವ ಹುಡುಗರಿಗೆ ಇಂಥ ಮುನ್ನೆಚ್ಚರಿಕೆ ಸಿಗಲಿಲ್ಲ.

ನಿಜಾಂಶ: ಜಕಾರ್ಡ್ ಕಂಪ್ಯೂಟರ್ ಮಾಡಲಿಲ್ಲ. ಯಂತ್ರಕ್ಕೆ ತೂತಿನ ಮೂಲಕ ಆಜ್ಞೆ ಕೊಡುವುದನ್ನು ಬಳಕೆಗೆ ತಂದರು. ಮುಂದೆ ಆ ಸಂದೇಶ ಬಂದರೆ ಇದನ್ನೂ ಜೊತೆಗೆ ಕಳಿಸಿ.