ಹೊಸೆ ರಿಜಾಲನ ಯುರೋಪ್ ಯಾತ್ರೆ

ಏಷ್ಯಾ ಖಂಡದ ಆಗ್ನೇಯ ದಿಕ್ಕಿನಲ್ಲಿ ಸಾವಿರಾರು ದ್ವೀಪಗಳಿಂದ ಕೂಡಿದ ಫಿಲಿಪ್ಪೀನ್ಸ್ ದೇಶವಿದೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಅದು ಸ್ಪೇನ್ ದೇಶದ ಆಳ್ವಿಕೆಗೆ ಒಳಪಟ್ಟಿತ್ತು. ಆ ನಾಡಿನ ಜನರು ತಮ್ಮ ರಾಷ್ಟ್ರವೀರನೆಂದು ಇಂದಿಗೂ ಪೂಜ್ಯಭಾವದಿಂದ ನೆನೆಯುವ ಹೊಸೆ ರಿಜಾಲ್ ವೃತ್ತಿಯಿಂದ ನೇತ್ರವೈದ್ಯನು, ಪ್ರವೃತ್ತಿಯಿಂದ ಲೇಖಕನು. ವಿದ್ಯಾರ್ಥಿಯಾಗಿ ಅವನು ಯುರೋಪಿನ ಹಲವು ನಗರಗಳನ್ನು ಕಂಡನು. ಆ ಯಾತ್ರೆಯಲ್ಲಿ ದೊರೆತ ಜ್ಞಾನವೂ ಸ್ನೇಹವೂ ಅವನ ಬಾಳಿನ ದಾರಿಯನ್ನೇ ನಿರ್ಧರಿಸಿದವು.

ರಿಜಾಲನು 1861ನೆಯ ಇಸವಿ ಜೂನ್ 19ರಂದು ಕಲಾಂಬ ಎಂಬ ಊರಿನಲ್ಲಿ ಜನಿಸಿದನು. ಹನ್ನೊಂದು ಮಂದಿ ಮಕ್ಕಳಲ್ಲಿ ಅವನು ಏಳನೆಯವನು. ಅವನಿಗೆ ಮೊದಲ ಅಕ್ಷರಗಳನ್ನು ಕಲಿಸಿದವಳು ತಾಯಿ ತಿಯೊಡೋರ. ಅವನು ಬಾಲಕನಾಗಿದ್ದಾಗಲೇ ಆ ಸಾಧ್ವಿಯ ಮೇಲೆ ಸುಳ್ಳು ಆಪಾದನೆ ಹೊರಿಸಿ, ಸುಮಾರು ಎರಡೂವರೆ ವರ್ಷ ಸೆರೆಮನೆಯಲ್ಲಿಟ್ಟರು. ಅದೇ ಕಾಲದಲ್ಲಿ, ಎಂದರೆ 1872ರಲ್ಲಿ, ನಾಡಿನ ಮೂವರು ಪಾದ್ರಿಗಳನ್ನು ದಂಗೆಯ ಆರೋಪದ ಮೇಲೆ ಕೊಲ್ಲಲಾಯಿತು. ಅವರಲ್ಲಿ ಒಬ್ಬರು ರಿಜಾಲನ ಅಣ್ಣ ಪಾಸಿಯಾನೊನಿಗೆ ಗುರುಗಳಾಗಿದ್ದವರು. ಈ ಎರಡು ಅನ್ಯಾಯಗಳು ಬಾಲಕನ ಮನಸ್ಸಿನಲ್ಲಿ ಅಳಿಯದಂತೆ ಉಳಿದವು.

ಕಾಲಕ್ರಮದಲ್ಲಿ ತಾಯಿಯ ದೃಷ್ಟಿ ಮಂದವಾಗತೊಡಗಿತು. ರಿಜಾಲನು ನೇತ್ರವೈದ್ಯನಾಗಬೇಕೆಂದು ನಿಶ್ಚಯಿಸಿದನು. ಆದರೆ ನಾಡಿನ ಜನರು ತಲೆಯೆತ್ತಿ ನಿಲ್ಲದಂತೆ ನೋಡಿಕೊಳ್ಳುತ್ತಿದ್ದ ಮನಿಲಾ ನಗರದಲ್ಲಿ ಅವನ ಜ್ಞಾನದಾಹ ತಣಿಯುವಂತಿರಲಿಲ್ಲ. ತಂದೆತಾಯಿಗಳಿಗೂ ತಿಳಿಸದೆ, ಅಣ್ಣನ ನೆರವಿನಿಂದ, ಅವನು 1882ರ ಮೇ 3ರಂದು ಹಡಗನ್ನೇರಿದನು. ಸಿಂಗಪುರ, ಕೊಲಂಬೊ, ಏಡನ್‌ಗಳನ್ನು ಹಾದು, ಸೂಯೆಜ್ ಕಾಲುವೆಯ ಮೂಲಕ ಯುರೋಪನ್ನು ಸೇರಿದನು.

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ಡಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನೂ ತತ್ತ್ವಶಾಸ್ತ್ರ ಮತ್ತು ಸಾಹಿತ್ಯವನ್ನೂ ಅವನು ಒಟ್ಟಿಗೆ ಅಭ್ಯಾಸ ಮಾಡಿದನು. ಅಣ್ಣ ಕಳುಹಿಸುತ್ತಿದ್ದ ಹಣದಲ್ಲಿ ಮಿತವಾಗಿ ಬಾಳಿ, ಉಳಿದುದರಲ್ಲಿ ಪುಸ್ತಕಗಳನ್ನು ಕೊಳ್ಳುತ್ತಿದ್ದನು. ಹಣ ತಡವಾದಾಗ ಉಪವಾಸವೇ ಗತಿ. 1884ರ ಜೂನ್ ತಿಂಗಳಲ್ಲಿ ಒಂದು ದಿನ ಅವನು ಬರಿಹೊಟ್ಟೆಯಲ್ಲಿಯೇ ಹೋಗಿ ಗ್ರೀಕ್ ಭಾಷೆಯ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿದನು. ಅದೇ ದಿನ ಸಂಜೆ, ಚಿತ್ರಕಲಾ ಪ್ರದರ್ಶನದಲ್ಲಿ ಪದಕಗಳನ್ನು ಪಡೆದಿದ್ದ ತನ್ನ ದೇಶದ ಕಲಾವಿದರಾದ ಲೂನಾ ಮತ್ತು ಹಿದಾಲ್ಗೊ ಇವರ ಗೌರವಾರ್ಥ ನಡೆದ ಕೂಟದಲ್ಲಿ ಭಾಷಣ ಮಾಡಿದನು. ತಮ್ಮ ನಾಡಿನ ಸ್ಥಿತಿಯನ್ನು ಚಿತ್ರಿಸುವ ಒಂದು ಕಾದಂಬರಿಯನ್ನು ಎಲ್ಲರೂ ಸೇರಿ ಬರೆಯೋಣವೆಂದು ಅವನು ತನ್ನ ಸ್ವದೇಶದ ಗೆಳೆಯರಿಗೆ ಸೂಚಿಸಿದನು. ಗೆಳೆಯರು ಒಪ್ಪಿದರಾದರೂ ಯಾರೂ ಲೇಖನಿ ಹಿಡಿಯಲಿಲ್ಲ. ಕೊನೆಗೆ ರಿಜಾಲನು ಆ ಭಾರವನ್ನು ತಾನೊಬ್ಬನೇ ಹೊತ್ತನು.

ಮ್ಯಾಡ್ರಿಡ್ಡಿನ ವ್ಯಾಸಂಗ ಮುಗಿದ ಬಳಿಕ ನೇತ್ರಚಿಕಿತ್ಸೆಯಲ್ಲಿ ಪರಿಣತಿ ಪಡೆಯಲು ಅವನು ಪ್ಯಾರಿಸ್ ನಗರದಲ್ಲಿ ಡಾಕ್ಟರ್ ವೆಕರ್ ಎಂಬ ಪ್ರಸಿದ್ಧ ವೈದ್ಯನ ಬಳಿ ಸಹಾಯಕನಾದನು. 1886ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ನಗರಕ್ಕೆ ಹೋಗಿ, ಡಾಕ್ಟರ್ ಬೆಕರನ ಆಸ್ಪತ್ರೆಯಲ್ಲಿ ಕೆಲಸ ಮಾಡಿದನು. ಲೈಟ್ಮೆರಿಟ್ಸ್ ಎಂಬ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದ ಬ್ಲೂಮೆಂಟ್ರಿಟ್ ಎಂಬ ವಿದ್ವಾಂಸನು ಫಿಲಿಪ್ಪೀನ್ಸ್ ಭಾಷೆಗಳನ್ನು ಅಭ್ಯಸಿಸುತ್ತಿರುವ ಸಂಗತಿ ಅಲ್ಲಿ ಅವನಿಗೆ ತಿಳಿಯಿತು. ಕೂಡಲೇ ಅವನಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದು, ತನ್ನ ತಾಯ್ನುಡಿಯಾದ ಟಾಗಲಾಗ್‌ನಲ್ಲಿದ್ದ ಒಂದು ಅಂಕಗಣಿತದ ಪುಸ್ತಕವನ್ನು ಕಳುಹಿಸಿದನು. ಹೀಗೆ ಆರಂಭವಾದ ಸ್ನೇಹ ಕೊನೆಯವರೆಗೂ ಬಾಡಲಿಲ್ಲ.

1886ರ ಚಳಿಗಾಲದಲ್ಲಿ ರಿಜಾಲನು ಬರ್ಲಿನ್ನಿನಲ್ಲಿದ್ದನು. ಕಾದಂಬರಿ ಮುಗಿಯುತ್ತ ಬಂದಿತ್ತು. ಆದರೆ ಅಚ್ಚು ಹಾಕಿಸಲು ಹಣವಿರಲಿಲ್ಲ. ಊರಿನಿಂದ ಬರಬೇಕಾದ ಹಣವೂ ಬರಲಿಲ್ಲ. ದಿನಕ್ಕೆ ಒಂದೇ ಹೊತ್ತಿನ ಊಟದಿಂದ ದೇಹ ಸೊರಗಿ, ಕಾಯಿಲೆ ಆವರಿಸಿತು. ಹಸ್ತಪ್ರತಿಯನ್ನು ಬೆಂಕಿಗೆ ಹಾಕಿಬಿಡುವಷ್ಟು ನಿರಾಶೆ ಕವಿಯಿತು. ಇಂತಹ ಸಮಯದಲ್ಲಿ ಮ್ಯಾಕ್ಸಿಮೊ ವಿಯೋಲ ಎಂಬ ಗೆಳೆಯ ಬರ್ಲಿನ್ನಿಗೆ ಬಂದನು. ಅವನು ಬಾರ್ಸಿಲೋನದಲ್ಲಿ ವೈದ್ಯಶಾಸ್ತ್ರ ಕಲಿತವನು, ಸ್ಥಿತಿವಂತರ ಮನೆಯವನು. ಗೆಳೆಯನೊಡನೆ ಯುರೋಪನ್ನು ಸುತ್ತಲು ಬಂದಿದ್ದನು. ರಿಜಾಲನ ಸ್ಥಿತಿಯನ್ನು ಕಂಡು ಅವನ ಮನಸ್ಸು ಕರಗಿತು. ಪುಸ್ತಕದ ಮುದ್ರಣಕ್ಕೆಂದು 300 ಪೆಸೊ ಹಣವನ್ನು ಸಾಲವಾಗಿ ಕೊಟ್ಟು, ಪ್ರವಾಸವನ್ನು ಮುಂದೂಡಿದನು.

ಖರ್ಚು ತಗ್ಗಿಸಲು ರಿಜಾಲನು ಒಂದು ಇಡೀ ಅಧ್ಯಾಯವನ್ನೇ ತೆಗೆದುಹಾಕಿದನು. 1887ರ ಮಾರ್ಚಿಯಲ್ಲಿ ‘ನೋಲಿ ಮೆ ತಾಂಗೆರೆ’ ಎಂಬ ಆ ಕಾದಂಬರಿಯ 2000 ಪ್ರತಿಗಳು ಸಿದ್ಧವಾದವು. ಯುರೋಪಿನಲ್ಲಿ ಕಲಿತು ಮರಳಿದ ತರುಣನೊಬ್ಬನು ತನ್ನೂರಿನಲ್ಲಿ ಶಾಲೆ ಕಟ್ಟಲು ಹೊರಟು, ಅಧಿಕಾರಸ್ಥರ ದ್ವೇಷಕ್ಕೆ ಗುರಿಯಾಗುವುದೇ ಅದರ ಕಥೆ. ಅಚ್ಚಿನ ಕರಡುಗಳನ್ನೂ ತಾನು ಬರೆದ ಲೇಖನಿಯನ್ನೂ ರಿಜಾಲನು ವಿಯೋಲನಿಗೆ ಕೃತಜ್ಞತೆಯಿಂದ ಅರ್ಪಿಸಿದನು. ಬಳಿಕ ಅಣ್ಣನಿಂದ 1000 ಪೆಸೊ ಬಂದು ಸೇರಲು, ಗೆಳೆಯನ ಸಾಲವನ್ನು ತೀರಿಸಿದನು. ಮುಂದಕ್ಕೆ ಹಾಕಿದ್ದ ಪ್ರವಾಸಕ್ಕೆ ಈಗ ಕಾಲ ಕೂಡಿಬಂದಿತು.

ಮೇ 11ರಂದು ಗೆಳೆಯರಿಬ್ಬರೂ ಬರ್ಲಿನ್ನನ್ನು ಬಿಟ್ಟರು. ಡ್ರೆಸ್ಡೆನ್ನಿನ ವಸ್ತುಸಂಗ್ರಹಾಲಯವನ್ನೂ ಪುಷ್ಪಪ್ರದರ್ಶನವನ್ನೂ ನೋಡಿ, ಲೈಟ್ಮೆರಿಟ್ಸಿಗೆ ಬಂದರು. ಅಂದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ ಆ ಪಟ್ಟಣ ಇಂದು ಚೆಕ್ ಗಣರಾಜ್ಯದಲ್ಲಿದೆ. ಪತ್ರಗಳಲ್ಲಿ ಆತ್ಮೀಯರಾಗಿದ್ದ ರಿಜಾಲ್ ಮತ್ತು ಬ್ಲೂಮೆಂಟ್ರಿಟ್ ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಗುರುತು ಸಿಗಲೆಂದು ರಿಜಾಲನು ತನ್ನ ಮುಖವನ್ನು ಪೆನ್ಸಿಲಿನಲ್ಲಿ ತಾನೇ ಬರೆದು ಮೊದಲೇ ಕಳುಹಿಸಿದ್ದನು. ಆ ಚಿತ್ರವನ್ನು ಕೈಯಲ್ಲಿ ಹಿಡಿದು ಬ್ಲೂಮೆಂಟ್ರಿಟ್ ರೈಲು ನಿಲ್ದಾಣದಲ್ಲಿ ಕಾದುನಿಂತಿದ್ದನು. ಅವನ ಮನೆಯಲ್ಲಿ ದೊರೆತ ಪ್ರೀತ್ಯಾದರಗಳನ್ನು ರಿಜಾಲನು ಎಂದೂ ಮರೆಯಲಿಲ್ಲ. ಬಿಳಿಯರೆಲ್ಲರೂ ತನ್ನ ಜನರನ್ನು ಕೀಳಾಗಿ ಕಾಣುವವರಲ್ಲ ಎಂಬುದಕ್ಕೆ ಆ ಮನೆಯೇ ಸಾಕ್ಷಿಯಾಗಿತ್ತು.

ಅಲ್ಲಿಂದ ಪ್ರಾಗ್, ಬ್ರನೊ ನಗರಗಳನ್ನು ನೋಡಿ ಅವರು ವಿಯೆನ್ನಾ ಸೇರಿದರು. ಡಾನ್ಯೂಬ್ ನದಿಯಲ್ಲಿ ದೋಣಿಯ ಮೇಲೆ ಸಾಗಿ, ಮ್ಯೂನಿಕ್ ಹಾಗೂ ನ್ಯೂರೆಂಬರ್ಗ್ ನಗರಗಳನ್ನು ಕಂಡರು. ನ್ಯೂರೆಂಬರ್ಗಿನಲ್ಲಿ, ಹಿಂದೆ ಮನುಷ್ಯರನ್ನು ಹಿಂಸಿಸಲು ಬಳಸುತ್ತಿದ್ದ ಯಂತ್ರಗಳನ್ನು ರಿಜಾಲನು ಸೂಕ್ಷ್ಮವಾಗಿ ಪರೀಕ್ಷಿಸಿದನು. ಉಲ್ಮ್ ಪಟ್ಟಣದ ಚರ್ಚಿನ ಗೋಪುರದ ನೂರಾರು ಮೆಟ್ಟಿಲುಗಳನ್ನು ಹತ್ತಿದರು. ರೈನ್ ನದಿಯ ಜಲಪಾತವನ್ನು ಕಂಡು ಸ್ವಿಟ್ಜರ್‌ಲೆಂಡನ್ನು ಪ್ರವೇಶಿಸಿದರು.

ಜಿನೀವಾ ಸರೋವರದಲ್ಲಿ ದೋಣಿಯಾಟವಾಡುತ್ತ ದಿನಗಳು ಸುಖವಾಗಿ ಕಳೆಯುತ್ತಿದ್ದವು. ಅಷ್ಟರಲ್ಲಿ ಮ್ಯಾಡ್ರಿಡ್ಡಿನಿಂದ ಒಂದು ವಾರ್ತೆ ಬಂದಿತು. ಅಲ್ಲಿ ಏರ್ಪಡಿಸಿದ್ದ ಫಿಲಿಪ್ಪೀನ್ಸ್ ಪ್ರದರ್ಶನಕ್ಕಾಗಿ ಗುಡ್ಡಗಾಡಿನ ಇಗೊರೊಟ್ ಜನರನ್ನು ಕರೆತಂದು, ಪ್ರೇಕ್ಷಕರ ವಿನೋದಕ್ಕೆಂಬಂತೆ ಇರಿಸಿದ್ದರು. ಸಾಕಷ್ಟು ಆಶ್ರಯವಿಲ್ಲದೆ ಅವರಲ್ಲಿ ಕೆಲವರು ಮೃತಪಟ್ಟರು. ಈ ಸುದ್ದಿ ರಿಜಾಲನ ಹೃದಯವನ್ನು ಇರಿಯಿತು. ತಾನು ಕಂಡ ಯುರೋಪಿನ ವೈಭವದ ಪಕ್ಕದಲ್ಲಿಯೇ ತನ್ನವರ ಅವಮಾನವೂ ಇದೆಯೆಂದು ಅವನು ಬಲ್ಲನು. ಜೂನ್ 19ರಂದು ಅಲ್ಲಿಯೇ ಅವನಿಗೆ 26 ವರ್ಷ ತುಂಬಿತು. ಕೆಲವು ದಿನಗಳ ಬಳಿಕ ಗೆಳೆಯರು ಬೇರ್ಪಟ್ಟರು. ವಿಯೋಲನು ಬಾರ್ಸಿಲೋನಕ್ಕೂ ರಿಜಾಲನು ಇಟಲಿಗೂ ಹೊರಟರು.

ಊರಿಗೆ ಮರಳಬಾರದೆಂದು ಬಂಧುಮಿತ್ರರು ರಿಜಾಲನನ್ನು ಎಚ್ಚರಿಸಿದ್ದರು. ಅವನ ಪುಸ್ತಕ ಆಳುವವರನ್ನು ಕೆರಳಿಸದೆ ಇರಲಾರದು. ಯುರೋಪಿನಲ್ಲಿಯೇ ನಿಂತಿದ್ದರೆ ವೈದ್ಯನಾಗಿ ಹಣವನ್ನೂ ಕೀರ್ತಿಯನ್ನೂ ಗಳಿಸಬಹುದಾಗಿತ್ತು. ಆದರೆ ತಾಯಿಯ ಕಣ್ಣಿಗಾಗಿ, ನಾಡಿನ ಸೇವೆಗಾಗಿ ಕಲಿತ ವಿದ್ಯೆಯನ್ನು ಅವನು ಅನ್ಯರ ನಾಡಿನಲ್ಲಿ ಕಳೆಯಲು ಒಪ್ಪಲಿಲ್ಲ. 1887ರ ಆಗಸ್ಟ್ ತಿಂಗಳಲ್ಲಿ ಮನಿಲಾ ತಲುಪಿದನು.

ಎಚ್ಚರಿಕೆ ನಿಜವಾಯಿತು. ಅವನ ಪುಸ್ತಕವನ್ನು ನಿಷೇಧಿಸಲಾಯಿತು. ಆರೇ ತಿಂಗಳಲ್ಲಿ ಅವನು ಮತ್ತೆ ದೇಶ ಬಿಡಬೇಕಾಯಿತು. ಮುಂದೆ ಹಾಂಗ್‌ಕಾಂಗ್‌ನಲ್ಲಿ ನೇತ್ರವೈದ್ಯನಾಗಿ ನೆಲೆಸಿ, ತಾಯಿಯ ಕಣ್ಣಿಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿದನು. 1892ರಲ್ಲಿ ಪುನಃ ಸ್ವದೇಶಕ್ಕೆ ಬಂದಾಗ ಸರ್ಕಾರ ಅವನನ್ನು ಬಂಧಿಸಿ ದಾಪಿತಾನ್ ಎಂಬ ದೂರದ ಊರಿಗೆ ಗಡೀಪಾರು ಮಾಡಿತು. ಅಲ್ಲಿಯೂ ಅವನು ಸುಮ್ಮನೆ ಕೂರಲಿಲ್ಲ. ನಾಲ್ಕು ವರ್ಷಗಳ ಕಾಲ ಬಾಲಕರಿಗೆ ಪಾಠ ಹೇಳಿದನು, ರೋಗಿಗಳನ್ನು ಉಪಚರಿಸಿದನು, ಊರಿಗೆ ಕುಡಿಯುವ ನೀರನ್ನು ತರಿಸಿದನು. 1896ರಲ್ಲಿ ನಾಡಿನಲ್ಲಿ ದಂಗೆಯೆದ್ದಾಗ, ಅದಕ್ಕೆ ಅವನೇ ಕಾರಣನೆಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಡಿಸೆಂಬರ್ 30ರ ಬೆಳಿಗ್ಗೆ ಮನಿಲಾದ ಮೈದಾನದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಆಗ ಅವನ ವಯಸ್ಸು ಕೇವಲ 35.

ಮರಣದ ಹಿಂದಿನ ದಿನ ಸೆರೆಮನೆಯಿಂದ ಅವನು ಬರೆದ ಪತ್ರಗಳಲ್ಲಿ ಒಂದು, ರೈಲು ನಿಲ್ದಾಣದಲ್ಲಿ ತನಗಾಗಿ ಕಾದಿದ್ದ ಬ್ಲೂಮೆಂಟ್ರಿಟ್ಟನಿಗೆ. ಬರ್ಲಿನ್ನಿನ ಚಳಿಯಲ್ಲಿ ವಿಯೋಲನು ನೀಡಿದ 300 ಪೆಸೊಗಳಿಂದ ಹೊರಬಂದ ಪುಸ್ತಕವನ್ನು ಫಿಲಿಪ್ಪೀನ್ಸಿನ ವಿದ್ಯಾರ್ಥಿಗಳು ಇಂದು ಶಾಲೆಗಳಲ್ಲಿ ಓದುತ್ತಾರೆ. ರಿಜಾಲನು ಅನೇಕ ದೇಶಗಳಿಂದ ಉತ್ತಮವಾದುದನ್ನು ಕಲಿತನು. ಕಲಿತದ್ದನ್ನೆಲ್ಲ ತನ್ನ ಜನರಿಗೆ ಒಪ್ಪಿಸಿದನು. ವಿದ್ಯೆಗಾಗಿ ದೂರ ಹೋಗುವ ತರುಣರೆಲ್ಲರಿಗೂ ಅವನ ಬಾಳು ದಾರಿದೀಪವಾಗಿದೆ.